ಜನರು ಕ್ರೈಸ್ತ ಸಭೆಗಳನ್ನು ಸೇರಿದುದೇಕೆ, ಪೋಷಿಸಿದುದೇಕೆ?

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಮಠದ ಮಹೋತ್ಸವದ ಮಂಟಪದಲ್ಲಿ ಕ್ರೈಸ್ತ ಸಭೆಗಳ ಮಾತೇಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಆದರೆ ಒಂದು ಧರ್ಮಸಂಸ್ಥೆಗೆ ಇಷ್ಟು ವರ್ಷಗಳು ತುಂಬಿದುವೆಂದು ಹರ್ಷಪಡುವ ದಿವಸವೇ, ಜನರು ಧರ್ಮಸಂಸ್ಥೆಯೊಂದನ್ನು ಸೇರುವುದೇಕೆ, ಸೇರಿದ ಮೇಲೆ ಅದನ್ನು ತಮ್ಮ ದುಡಿಮೆಯಿಂದ ಪೋಷಿಸುವುದೇಕೆ ಎಂಬುದನ್ನು ವಿಚಾರಿಸುವುದಕ್ಕೂ ತಕ್ಕ ದಿವಸವು. ಸ್ವಂತ ಮನೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಂಡರೆ ಉತ್ತರದಲ್ಲಿ ಮಮಕಾರವು ಬೆರೆಯುವುದು. ನೆರೆಮನೆಯ ವಿಷಯದಲ್ಲಿ ಕೇಳಿದರೆ ಮತ್ಸರವು ಬೆರೆಯುವುದು. ಎರಡನ್ನೂ ಬದಿಗಿಟ್ಟು ನಡೆದುದನ್ನು ನಡೆದಂತೆ ನೋಡಬೇಕು.

ಊರಿನ ಕಟ್ಟೆಯ ಮೇಲೆ ಈ ಪ್ರಶ್ನೆಯನ್ನೆತ್ತಿದರೆ ಸಿದ್ಧವಾದ ಉತ್ತರವೊಂದು ದೊರೆಯುವುದು: “ಹೊಟ್ಟೆಗಾಗಿ ಹೋದರು.” ಬರಗಾಲದಲ್ಲಿ ಪಾದ್ರಿಗಳು ಗಂಜಿ ಕೊಟ್ಟರು, ಶಾಲೆ ತೆರೆದರು, ಔಷಧ ಕೊಟ್ಟರು, ನೌಕರಿ ಕೊಟ್ಟರು, ಬಡವರು ಮತವನ್ನು ಕೊಟ್ಟು ಅನ್ನವನ್ನು ಕೊಂಡರು ಎಂಬುದು ಈ ಉತ್ತರದ ವಿಸ್ತಾರ. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳುವಂತಿಲ್ಲ. ಹಸಿದವನು ಅನ್ನವಿರುವ ಕಡೆಗೆ ನಡೆಯುವುದು ಸೃಷ್ಟಿಸಹಜವು. ಆದರೆ ಗಂಜಿಯ ಕೇಂದ್ರಗಳನ್ನು ಸರಕಾರವೂ ತೆರೆದಿತ್ತು, ಶ್ರೀಮಂತ ಸಾಹುಕಾರರೂ ತೆರೆದಿದ್ದರು. ಅಲ್ಲಿ ಉಂಡವರು ಸರಕಾರದ ಭಕ್ತರಾಗಲಿಲ್ಲ, ಸಾಹುಕಾರರ ಶಿಷ್ಯರಾಗಲಿಲ್ಲ. ಮಳೆ ಬಂದೊಡನೆ ತಮ್ಮ ತಮ್ಮ ಊರುಗಳಿಗೆ ತೆರಳಿದರು. ಅನ್ನವು ಬಾಗಿಲಿನವರೆಗೆ ಕರೆತರಬಲ್ಲುದು. ಒಳಗೆ ಕೂಡ್ರಿಸಿ, ಮೂರು ನಾಲ್ಕು ತಲೆಮಾರುಗಳವರೆಗೆ ಅಲ್ಲಿಯೇ ನಿಲ್ಲಿಸಿ, ಕೊನೆಗೆ ಉಂಡವನಿಂದಲೇ ಮತ್ತೊಬ್ಬರಿಗೆ ಉಣಬಡಿಸುವ ಶಕ್ತಿಯು ಬೇರೆಯದಾಗಿರಬೇಕು. ಆ ಶಕ್ತಿಯು ಯಾವುದೆಂಬುದೇ ಈ ದಿನದ ವಿಚಾರವು.

ನಮ್ಮ ನಾಡಿನಿಂದಲೇ ಆರಂಭಿಸಬಹುದು. ಬಳ್ಳಾರಿಗೆ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿಯೇ ಬಂದಿದ್ದರು. ಆದರೆ ಕನ್ನಡಿಗರ ಬಾಳಿನಲ್ಲಿ ಆಳವಾಗಿ ಇಳಿದುದು ಬಾಸೆಲ್ ಮಿಶನ್. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಈ ಸಂಸ್ಥೆಯಿಂದ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಮುಂದೆ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬಳಿಯ ಬೆಟಗೇರಿ, ಹೀಗೆ ಅವರ ಠಾಣ್ಯಗಳು ಬೆಳೆದುವು.

ಮಂಗಳೂರಿನಲ್ಲಿ ಈ ಸಭೆಯನ್ನು ಸೇರಿದವನಿಗೆ ಮೊದಲು ದೊರೆತುದು ಅನ್ನವಲ್ಲ, ಅನ್ನದ ನಾಶ. ತುಳುನಾಡಿನ ಒಕ್ಕಲಿಗೆ ಗೇಣಿಯ ಭೂಮಿಯೂ ಭೂತದ ಸೇವೆಯೂ ಒಂದಕ್ಕೊಂದು ಹೆಣೆದುಕೊಂಡಿದ್ದುವು. ಭೂತಕ್ಕೆ ಕೋಲ ಕೊಡಲಾರೆನೆಂದವನು ಧಣಿಯ ಗದ್ದೆಯನ್ನೂ ಬಿಡಬೇಕಾಗುತ್ತಿತ್ತು. ತಾಳೆಯ ಮರವೇರಿ ಸೇಂದಿ ಇಳಿಸುತ್ತಿದ್ದ ಬಿಲ್ಲವನಿಗೆ ಸಭೆಯ ಕಟ್ಟಳೆಯೇ ಆ ವೃತ್ತಿಯನ್ನು ನಿಷೇಧಿಸಿತು. ಕುಲದವರು ಹೊರಗಿಟ್ಟರು, ಪಿತ್ರಾರ್ಜಿತದ ಪಾಲು ತಪ್ಪಿತು. ಮತಾಂತರದಿಂದ ದಾಯಭಾಗಕ್ಕೆ ಬಾಧೆ ಬಾರದಂತೆ 1850ರಲ್ಲಿ ಕಾಯಿದೆಯಾಯಿತಾದರೂ ಕಾಯಿದೆಯ ಹಾಳೆಯನ್ನು ಹಿಡಿದು ಹಳ್ಳಿಯಲ್ಲಿ ಬಾಳುವುದು ಸುಲಭವಲ್ಲವೆಂಬುದು ಎಲ್ಲರಿಗೂ ತಿಳಿದ ಮಾತು. ಹೀಗೆ ನೆಲೆ ತಪ್ಪಿದವರಿಗೆ ಏನಾದರೊಂದು ಉದ್ಯೋಗ ಕಲ್ಪಿಸಬೇಕೆಂದು ಮಿಶನರಿಗಳು ಬೇಸಾಯ, ಗಡಿಯಾರದ ಕೆಲಸ ಮೊದಲಾದುವನ್ನು ಮಾಡಿನೋಡಿ ಸೋತರು. 1851ರಲ್ಲಿ ನೇಯ್ಗೆಯ ಕಾರ್ಖಾನೆಯು ಹಾಲರ್ ಎಂಬವನ ಕೈಯಲ್ಲಿ ನೆಲೆಗೊಂಡಿತು. 1865ರಲ್ಲಿ ಪ್ಲೆಬ್‌ಸ್ಟ್ ಎಂಬವನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಇಂದು ಮಂಗಳೂರು ಹಂಚೆಂದು ಲೋಕಪ್ರಸಿದ್ಧವಾದುದರ ಮೂಲವು ಅದೇ. ಕಾರ್ಖಾನೆಯನ್ನು ಕಂಡು ಜನರು ಸಭೆಗೆ ಬಂದರೆನ್ನುವವರು ಈ ಕ್ರಮವನ್ನು ಗಮನಿಸಬೇಕು: ಜನರು ಬಂದು ದಿಕ್ಕುಗೆಟ್ಟ ಮೇಲೆ ಕಾರ್ಖಾನೆ ಹುಟ್ಟಿತು. ಅನಂತರದ ಕಾಲದಲ್ಲಿ ಕೆಲಸದ ಆಸೆಯಿಂದ ಬಂದವರೂ ಇದ್ದರು. ಮಿಶನರಿಗಳೇ ಅದನ್ನು ಕುರಿತು ಗೊಣಗಿದ್ದುಂಟು.

ಇನ್ನು ಹೊಟ್ಟೆಯ ಚಿಂತೆಯೇ ಇಲ್ಲದವರೂ ಹೋದರಷ್ಟೆ. ಮಿಶನ್ನಿನ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿಯಾಗಿದ್ದ ಆನಂದರಾವ್ ಕೌಂಡಿನ್ಯನೆಂಬ ಸಾರಸ್ವತ ಬ್ರಾಹ್ಮಣ ತರುಣನು 1844ರ ಜನವರಿಯಲ್ಲಿ ತನ್ನಿಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದನು. ಊರೆಲ್ಲ ಅಲ್ಲೋಲಕಲ್ಲೋಲವಾಯಿತು. ಶಾಲೆಯು ಬರಿದಾಯಿತು. ಅವನ ಪತ್ನಿಯು ಅವನೊಡನೆ ಬರಲಿಲ್ಲ. ಆ ಹೆಣ್ಣುಮಗಳ ಬಾಳನ್ನು ಕುರಿತು ಚರಿತ್ರೆಗಾರರು ಹೆಚ್ಚು ಬರೆದಿಲ್ಲ. ಮತಾಂತರದ ಕಥೆಗಳಲ್ಲಿ ಬಿಟ್ಟುಹೋದವನ ಮನಸ್ಸು ನೂರು ಪುಟಗಳಲ್ಲಿ ಬಣ್ಣಿಸಲ್ಪಡುವುದು, ಬಿಡಲ್ಪಟ್ಟವಳ ಮನಸ್ಸಿಗೆ ಒಂದು ಸಾಲೂ ಸಿಕ್ಕುವುದಿಲ್ಲ. ಕೌಂಡಿನ್ಯನು ಗುರುವಾದ ಹರ್ಮನ್ ಮೋಗ್ಲಿಂಗನೊಡನೆ ಬಾಸೆಲ್ಲಿಗೆ ಹೋಗಿ, ವ್ಯಾಸಂಗ ಮಾಡಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದನು. ಮುಂದೆ ಕೊಡಗಿನ ಆನಂದಪುರದಲ್ಲಿ, ಒಡೆಯರ ಗದ್ದೆಗಳಲ್ಲಿ ಜೀತಕ್ಕಿದ್ದ ಹೊಲೆಯರ ನಡುವೆ ಕೆಲಸ ಮಾಡಿದನು. ಬ್ರಾಹ್ಮಣನಾಗಿ ಹುಟ್ಟಿದವನು ಹೊಲೆಯರ ಕೇರಿಯಲ್ಲಿ ಅವರ ಮಕ್ಕಳಿಗೆ ಅಕ್ಷರ ತಿದ್ದಿಸುತ್ತ ಬಾಳಿದುದನ್ನು ಆಸೆ ಆಮಿಷಗಳ ಲೆಕ್ಕದಲ್ಲಿ ಯಾವ ಕಡೆಗೆ ಬರೆಯಬೇಕು?

ಮಂಗಳೂರಿನ ಬಿಲ್ಲವರ ಪ್ರಸಂಗವು ಇದಕ್ಕಿಂತಲೂ ಹೆಚ್ಚಿನ ಬೋಧಪ್ರದವಾದುದು. ಆ ಸಮಾಜದ ಅರಸಪ್ಪನೆಂಬ ಮುಖಂಡನು ತನ್ನವರಿಗೆ ದೇವಸ್ಥಾನಗಳಲ್ಲಿ ಪ್ರವೇಶವಿಲ್ಲವೆಂಬ ನೋವಿನಿಂದ ಬೇರೆ ಆಶ್ರಯವನ್ನು ಹುಡುಕುತ್ತಿದ್ದನು. ಕ್ರೈಸ್ತ ಸಭೆಯು ಅವನ ಕಣ್ಣಿನ ಮುಂದೆಯೇ ಇತ್ತು. ಅವನ ಕುಲದವರು ಎಷ್ಟೋ ಮಂದಿ ಅದಾಗಲೇ ಅಲ್ಲಿಗೆ ಸೇರಿದ್ದರು. ಆದರೂ ಅವನು ಕಲಕತ್ತೆಯ ಕೇಶವಚಂದ್ರ ಸೇನರ ಬ್ರಹ್ಮಸಮಾಜವನ್ನು ಆಹ್ವಾನಿಸಿದನು. 1870ರಲ್ಲಿ ಮಂಗಳೂರಿಗೆ ಬ್ರಹ್ಮಸಮಾಜದವರು ಬಂದರು. ಆದರೆ ಅರಸಪ್ಪನ ಜನರು ಬಹುಮಟ್ಟಿಗೆ ಅದನ್ನು ಸೇರಲಿಲ್ಲ. ಸೇರಿ ಅದನ್ನು ನಡೆಸಿದವರು ವಿದ್ಯಾವಂತರಾದ ಸಾರಸ್ವತರೇ. ಮುಂದೆ 1912ರಲ್ಲಿ ಕೇರಳದ ನಾರಾಯಣಗುರುಗಳು ಮಂಗಳೂರಿಗೆ ಬಂದು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. ಅದು ಬಿಲ್ಲವರು ತಾವೇ ಕಟ್ಟಿದ, ತಾವೇ ನಡೆಸುವ, ತಾವೇ ಒಳಗೆ ನಿಂತು ಕೈಮುಗಿಯುವ ಗುಡಿಯಾಯಿತು. ಅಂದಿನಿಂದ ಆ ಸಮಾಜದ ಭಕ್ತಿಯೂ ಧನವೂ ಆ ಕಡೆಗೆ ಹರಿದುವು. ಒಂದೇ ಜನರು ಒಂದೇ ಊರಿನಲ್ಲಿ ಮೂರು ಬಾಗಿಲುಗಳ ಮುಂದೆ ನಿಂತ ಕಥೆಯಿದು. ಅವರು ಸಿದ್ಧಾಂತಗಳನ್ನು ತೂಗಿನೋಡಿ ಆರಿಸಿಕೊಂಡರೆನ್ನುವುದು ಕಷ್ಟ; ಯಾವ ಬಾಗಿಲಿನೊಳಗೆ ತಲೆಯೆತ್ತಿ ನಿಲ್ಲಬಹುದೆಂಬುದನ್ನು ಮಾತ್ರ ಅವರು ಚೆನ್ನಾಗಿ ಬಲ್ಲವರಾಗಿದ್ದರು.

ಧಾರವಾಡದ ಕಡೆಯ ಚರಿತ್ರೆಯು ಈ ಮಂಟಪದಲ್ಲಿ ಕುಳಿತವರಿಗೆ ಇನ್ನೂ ಸಮೀಪದ್ದು. 1839ರ ಸುಮಾರಿಗೆ ಹುಬ್ಬಳ್ಳಿ ಧಾರವಾಡಗಳ ಮಿಶನರಿಗಳ ಬಳಿಗೆ ಒಂದು ಪಂಗಡದವರು ಬಂದರು. ಅವರು ಲಿಂಗವಂತ ಪರಂಪರೆಯೊಳಗಿನವರೇ. ಕಾಲಜ್ಞಾನದ ವಾಕ್ಯಗಳನ್ನು ಪ್ರಮಾಣವೆಂದು ನಂಬಿದವರು. ಕಾಲಜ್ಞಾನಗಳು ನಮ್ಮವರಿಗೆ ಹೊಸವಲ್ಲ. ಕಲಿಯುಗವು ತಿರುಗುವುದೆಂದೂ, ಕುಲಭೇದವಳಿಯುವುದೆಂದೂ ಹೇಳುವ ಮಾತುಗಳು ಹಳ್ಳಿಹಳ್ಳಿಗಳಲ್ಲಿ ಹಬ್ಬಿದ್ದುವು. ಆ ಕಾಲವೇ ಬಂದಿತೆಂದೂ, ಪಶ್ಚಿಮದಿಂದ ಬಂದ ಈ ಜನರೇ ಅದರ ದೂತರೆಂದೂ ಆ ಪಂಗಡದ ಗುರುಗಳು ತಿಳಿದರು. ಮಿಶನರಿಗಳು ಸಾವಿರಾರು ಮಂದಿಯ ಕನಸು ಕಂಡರು. ಇಂಥವರಿಗೆ ನೆಲೆ ಕಲ್ಪಿಸಲೆಂದೇ ಗದಗಿನ ಸಮೀಪದ ಮಲಸಮುದ್ರದಲ್ಲಿ 1841ರಲ್ಲಿ ಒಕ್ಕಲುತನದ ವಸಾಹತನ್ನು ಸ್ಥಾಪಿಸಿದರು. ಆದರೆ ಬಂದವರು ನೋಡಿದರು, ಕೇಳಿದರು, ಹಿಂದಿರುಗಿದರು. ವಸಾಹತು ಬೆಳೆಯಲಿಲ್ಲ.

ಇದು ಏಕೆ ಹೀಗಾಯಿತು? ಹಿಂದಿರುಗಿದವರಿಗೆ ಹಿಂದೆ ಒಂದು ಮನೆಯಿತ್ತೆಂಬುದೇ ಮುಖ್ಯ ಕಾರಣವೆಂದು ತೋರುವುದು. ಕೊರಳಲ್ಲಿ ಲಿಂಗವಿತ್ತು, ಹುಟ್ಟಿದಾಗ ಬಂದು ವಿಭೂತಿಯಿಡುವ, ಸತ್ತಾಗ ಬಂದು ಸಮಾಧಿಯ ಕ್ರಿಯೆ ನಡೆಸುವ ಜಂಗಮನಿದ್ದನು, ದಾಸೋಹದ ಪಂಕ್ತಿಯಲ್ಲಿ ಎಲೆಯಿತ್ತು. ಒಂದು ಸಭೆಯು ಮನುಷ್ಯನಿಗೆ ಕೊಡಬಹುದಾದುದರಲ್ಲಿ ಬಹುಪಾಲು ಅವರಿಗೆ ಆಗಲೇ ಇತ್ತು. ಧಾರವಾಡ ಪ್ರಾಂತದ ಲಿಂಗವಂತರಲ್ಲಿ ಬಾಸೆಲ್ ಸಭೆಗೆ ಸೇರಿದವರು ಕೆಲವೇ ಮಂದಿ. ಈ ಮಾತನ್ನು ಕೇಳಿ ಸಮಾಧಾನಪಡುವ ಮೊದಲು ಇದರ ಮತ್ತೊಂದು ಮಗ್ಗುಲನ್ನೂ ನೋಡಬೇಕು. ಅದೇ ಪ್ರಾಂತದಲ್ಲಿ ಯಾರ ಕೊರಳಿಗೆ ಲಿಂಗವು ಬರಲಿಲ್ಲವೋ, ಯಾರ ಹೆಣಕ್ಕೆ ಜಂಗಮನು ಹೋಗಲಿಲ್ಲವೋ, ಯಾರ ಎಲೆಯು ಪಂಕ್ತಿಯ ಹೊರಗೆ ಬಿದ್ದಿತೋ, ಅವರೇ ಹೋದರು. ಮಾದಾರ ಚೆನ್ನಯ್ಯನ, ಡೋಹರ ಕಕ್ಕಯ್ಯನ ಹೆಸರುಗಳನ್ನು ಪುರಾಣದ ದಿವಸ ಭಕ್ತಿಯಿಂದ ಕೇಳಿದ ಕಿವಿಗಳಿಗೆ, ಅವರ ಕುಲದವರು ಊರ ಹೊರಗಿನಿಂದ ಕೂಗಿದುದು ಎಷ್ಟು ದಿವಸ ಕೇಳಿಸಲಿಲ್ಲವೋ ಅಷ್ಟು ದಿವಸ ಬೆಟಗೇರಿಯ ಪಾದ್ರಿಗೆ ಕೇಳಿಸಿತು.

ಈಗ ಬರಗಾಲದ ಮಾತಿಗೆ ಬರೋಣ; ಏತಕ್ಕೆಂದರೆ “ಹೊಟ್ಟೆಗಾಗಿ” ಎಂಬ ಉತ್ತರವು ನಿಜವಾಗಿ ಪರೀಕ್ಷೆಗೊಳಗಾದುದು ಅಲ್ಲಿಯೇ. 1876ರಿಂದ 1878ರವರೆಗೆ ಉತ್ತರ ಕರ್ನಾಟಕದಲ್ಲಿ ಬರವಿತ್ತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಶನ್ನಿನ ಅನಾಥಾಲಯಗಳು ಎತ್ತಿಕೊಂಡುವು. ಆ ಮಕ್ಕಳು ಸಭೆಯನ್ನು ಸೇರಿದರೆಂದು ಹೇಳುವುದು ಸರಿಯಲ್ಲ, ಅವರನ್ನು ಸೇರಿಸಲಾಯಿತು. ಕೂಸಿಗೆ ಆಯ್ಕೆಯೆಲ್ಲಿಯದು? ಇದನ್ನು ಮತಾಂತರದ ಲೆಕ್ಕದಲ್ಲಿ ಎಣಿಸಿ ಹೆಮ್ಮೆಪಟ್ಟ ಮಿಶನ್ ವರದಿಗಳೂ ತಪ್ಪೇ. ಆ ಮಕ್ಕಳನ್ನು ಎತ್ತಿಕೊಳ್ಳದೆ ಇದ್ದು ಅನಂತರ ದೂರಿದವರೂ ತಪ್ಪಿತಸ್ಥರೇ.

ಅದೇ ಬರದಲ್ಲಿ ತೆಲುಗುನಾಡಿನ ಒಂಗೋಲಿನಲ್ಲಿ ನಡೆದ ಸಂಗತಿಯು ವಿವರವಾಗಿ ಹೇಳತಕ್ಕದ್ದು. ಅಲ್ಲಿ ಅಮೆರಿಕದ ಬ್ಯಾಪ್ಟಿಸ್ಟ್ ಪಂಗಡದ ಜಾನ್ ಕ್ಲೌ ಎಂಬ ಮಿಶನರಿಯಿದ್ದನು. ಅವನಿಗೆ ಮೊದಲು ದೊರೆತ ಪ್ರಮುಖ ಶಿಷ್ಯನು ಎರ್ರಗುಂಟ್ಲ ಪೇರಯ್ಯನೆಂಬ ಮಾದಿಗನು, ತೊಗಲಿನ ವ್ಯಾಪಾರಿ. 1866ರಲ್ಲಿ ದೀಕ್ಷಾಸ್ನಾನ ಪಡೆದ ಈ ಪೇರಯ್ಯನು ಅದಕ್ಕೆ ಮೊದಲು ಏನೂ ಅರಿಯದವನಾಗಿರಲಿಲ್ಲ. ಅವನು ಒಬ್ಬ ಸ್ತ್ರೀಗುರುವಿನಿಂದ ರಾಜಯೋಗದ ಉಪದೇಶವನ್ನು ಪಡೆದು ಸಾಧನೆ ಮಾಡಿದವನು. ತಾನೂ ತನ್ನ ಕುಲದ ಹಲವರಿಗೆ ಉಪದೇಶಿಸುತ್ತಿದ್ದವನು. ಊರ ಹೊರಗೆ ಸತ್ತ ದನವನ್ನೆತ್ತುವ ಕೇರಿಯಲ್ಲಿ ಯೋಗದ ಚರ್ಚೆ ನಡೆಯುತ್ತಿತ್ತೆಂಬುದು ಊರೊಳಗಿನವರಿಗೆ ತಿಳಿದಿರಲಿಲ್ಲ. ತಿಳಿಯುವ ಕುತೂಹಲವೂ ಇರಲಿಲ್ಲ. ಮಿಶನರಿಯು ಬಂದುದು ಬರಿದಾದ ನೆಲಕ್ಕಲ್ಲ, ಹದವಾಗಿ ಉತ್ತ ಹೊಲಕ್ಕೆ.

ಒಂಗೋಲಿನ ಮೇಲ್ಜಾತಿಯವರು ಕ್ಲೌನ ಶಾಲೆಗೆ ತಮ್ಮ ಮಕ್ಕಳನ್ನು ಕಳುಹಿಸಿದ್ದರು. ಮಾದಿಗರನ್ನು ಸೇರಿಸಿಕೊಂಡರೆ ತಾವು ಬಿಟ್ಟುಹೋಗುವೆವೆಂದು ಅವರು ಎಚ್ಚರಿಸಿದರು. ಗಣ್ಯರನ್ನು ಉಳಿಸಿಕೊಳ್ಳುವುದೋ, ಮಾದಿಗರನ್ನು ಬರಮಾಡಿಕೊಳ್ಳುವುದೋ? ಕ್ಲೌ ದಂಪತಿಗಳು ಮಾದಿಗರನ್ನು ಆರಿಸಿಕೊಂಡರು. ಮೇಲ್ಜಾತಿಯ ಹುಡುಗರು ಶಾಲೆ ಬಿಟ್ಟರು. ಯಾವ ಧರ್ಮಸಂಸ್ಥೆಗಾದರೂ ಇಂಥ ದಿವಸವೊಂದು ಬಂದೇ ಬರುವುದು. ಇನ್ನು ಸೇರಿದ ಮಾದಿಗರ ಪಾಡು ಕೇಳಬೇಕೆ? ಸತ್ತ ದನದ ಮಾಂಸವನ್ನು ಬಿಡಬೇಕು, ಗ್ರಾಮದೇವತೆಯ ಜಾತ್ರೆಯಲ್ಲಿ ತಮಟೆ ಬಾರಿಸಬಾರದು, ಭಾನುವಾರ ಕೆಲಸ ಮಾಡಬಾರದು ಎಂಬ ನಿಯಮಗಳು ಅವರಿಗೆ ವಿಧಿಸಲ್ಪಟ್ಟುವು. ತಮಟೆಯಿಲ್ಲದೆ ಜಾತ್ರೆ ನಡೆಯದು. ಊರಿನ ಕರಣಮನಿಗೂ ರೆಡ್ಡಿಗೂ ಕೋಪ ಬಂದಿತು. ಬಾವಿಗೆ ಹೋಗುವ ದಾರಿ ಮುಚ್ಚಿತು, ಹೊಡೆತ ಬಿದ್ದಿತು. ಆದರೂ ಸೇರುವವರು ನಿಲ್ಲಲಿಲ್ಲ.

ಆಗ ಬರ ಬಂದಿತು. ಕ್ಲೌನು ಮೊದಲಿಗೆ ಭೂಮಿ ಅಳೆಯುವ ವಿದ್ಯೆಯನ್ನು ಕಲಿತವನು. ಅವನು ಸರಕಾರವು ಬರಪರಿಹಾರಕ್ಕಾಗಿ ತೋಡಿಸುತ್ತಿದ್ದ ಬಕ್ಕಿಂಗ್‌ಹ್ಯಾಮ್ ಕಾಲುವೆಯ ಸುಮಾರು ಮೂರೂವರೆ ಮೈಲು ಕೆಲಸವನ್ನು ಗುತ್ತಿಗೆ ಹಿಡಿದು ಸಾವಿರಾರು ಮಂದಿಗೆ ಕೂಲಿ ಕೊಟ್ಟನು. ಅವನ ಉಪದೇಶಿಗಳೇ ಮೇಸ್ತ್ರಿಗಳಾದರು. ಹಗಲೆಲ್ಲ ಮಣ್ಣು ಹೊತ್ತವರು ಸಂಜೆ ಉಪದೇಶ ಕೇಳಿದರು. ನೂರಾರು ಮಂದಿ ದೀಕ್ಷಾಸ್ನಾನ ಕೊಡಿರೆಂದು ಕೈಮುಗಿದರು. ಕ್ಲೌನು ಒಪ್ಪಲಿಲ್ಲ. ಪರಿಹಾರದ ಹಣವು ತನ್ನ ಕೈಯಿಂದ ಹಂಚಿಕೆಯಾಗುತ್ತಿರುವವರೆಗೆ ಒಬ್ಬನಿಗೂ ದೀಕ್ಷೆ ಕೊಡೆನೆಂದು ಹಟ ಹಿಡಿದನು. ಒಂದು ವರ್ಷಕ್ಕೂ ಮಿಕ್ಕಿ ಒಬ್ಬನಿಗೂ ಕೊಡಲಿಲ್ಲ. 1878ರ ಮಧ್ಯದಲ್ಲಿ, ಇನ್ನು ಮೇಲೆ ತನ್ನಲ್ಲಿ ಕೊಡಲು ಹಣವಿಲ್ಲ, ಸಹಾಯವನ್ನು ಬಯಸುವವರು ಬರಕೂಡದೆಂದು ಸಾರಿಸಿದನು. ಜನರು ಬಂದರು. ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿವಸ 2,222 ಮಂದಿ ದೀಕ್ಷಾಸ್ನಾನ ಪಡೆದರು. ಆ ವರ್ಷ ಮುಗಿಯುವುದರೊಳಗೆ ಒಂಬತ್ತು ಸಾವಿರಕ್ಕೂ ಮೀರಿದರು.

ಬರದಲ್ಲಿ ಅವರ ಪ್ರಾಣವನ್ನು ಉಳಿಸಿದ ಋಣವು ಈ ನಿರ್ಧಾರದಲ್ಲಿ ಇರಲಿಲ್ಲವೆಂದು ಯಾರೂ ಹೇಳಲಾರರು. ಋಣವು ಇತ್ತು. ಆದರೆ ಕೂಲಿಯ ಋಣ ಬೇರೆ, ಮರ್ಯಾದೆಯ ಋಣ ಬೇರೆ. ಸಾಯುತ್ತಿದ್ದವನಿಗೆ ಭಿಕ್ಷೆಯನ್ನೆಸೆದು ಹೋಗದೆ, ಅವನ ಕೈಗೆ ಗುದ್ದಲಿ ಕೊಟ್ಟು, ಅವನ ಕುಲದವನನ್ನೇ ಮೇಸ್ತ್ರಿಯನ್ನಾಗಿ ಮಾಡಿ, ದಿನದ ಕೊನೆಗೆ ಲೆಕ್ಕವೊಪ್ಪಿಸಿ ಕೂಲಿ ಕೊಟ್ಟ ಮನುಷ್ಯನನ್ನು ಆ ಜನರು ಅದುವರೆಗೆ ಕಂಡಿರಲಿಲ್ಲ.

ಈ ವಿಷಯವನ್ನು ಮುಂದೆ ಕ್ರಮವಾಗಿ ಪರಿಶೀಲಿಸಿದವನು ಪಿಕೆಟ್ ಎಂಬ ಅಮೆರಿಕದ ಮೆಥೊಡಿಸ್ಟ್ ಪಾದ್ರಿ. ಹಿಂದೂಸ್ಥಾನದ ಬೇರೆಬೇರೆ ಪ್ರಾಂತಗಳಲ್ಲಿ ಗುಂಪುಗುಂಪಾಗಿ ಕ್ರೈಸ್ತರಾದವರನ್ನು ಸಾವಿರಗಟ್ಟಲೆ ಪ್ರಶ್ನಿಸಿ ಅವನು 1933ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ದೇವರನ್ನು ಅರಿಯಲು ಬಂದೆವೆಂದವರು, ಲೌಕಿಕ ಲಾಭಕ್ಕಾಗಿ ಬಂದೆವೆಂದವರು, ಬಂಧುಬಳಗ ಹೋದುದರಿಂದ ಬಂದೆವೆಂದವರು, ತಂದೆತಾಯಿ ಕ್ರೈಸ್ತರಾಗಿದ್ದುದರಿಂದ ತಾವೂ ಹಾಗಾದೆವೆಂದವರು, ಹೀಗೆ ನಾಲ್ಕು ಬಗೆಯಾಗಿ ಅವನು ಉತ್ತರಗಳನ್ನು ವಿಂಗಡಿಸಿದನು. ಲೌಕಿಕ ಲಾಭವನ್ನು ಹೇಳಿದವರು ಎಲ್ಲರಿಗಿಂತ ಕಡಮೆಯಾಗಿದ್ದರು. ಮಿಶನ್ನಿನವನೇ ಕೇಳಿದರೆ ಲಾಭದ ಮಾತನ್ನು ಯಾರು ಬಾಯಿಬಿಟ್ಟು ಹೇಳುವರೆಂದು ಶಂಕಿಸುವುದು ನ್ಯಾಯವೇ. ಆದರೆ ಆ ಗ್ರಂಥದಲ್ಲಿ ಗಮನಿಸತಕ್ಕುದು ಬೇರೊಂದುಂಟು. ಯಾವ ಕಾರಣಕ್ಕಾಗಿ ಬಂದನೆಂಬುದರಿಂದ ಒಬ್ಬನು ಮುಂದೆ ಎಂಥ ಭಕ್ತನಾಗುವನೆಂಬುದು ಅಷ್ಟಾಗಿ ನಿರ್ಣಯವಾಗಲಿಲ್ಲ. ಬಂದ ಮೇಲೆ ಅವನಿಗೆ ಯಾರು ಕಲಿಸಿದರು, ಎಷ್ಟು ಕಲಿಸಿದರು, ಅವನನ್ನು ಯಾರು ವಿಚಾರಿಸಿಕೊಂಡರು ಎಂಬುದರಿಂದ ಹೆಚ್ಚು ನಿರ್ಣಯವಾಯಿತು. ಹೊಲಸು ಆಸೆಯಿಂದ ಬಂದವನು ಒಳ್ಳೆಯ ಗುರುವಿನ ಕೈಯಲ್ಲಿ ಸಾಧುವಾದನು. ಶುದ್ಧಭಾವದಿಂದ ಬಂದವನು ಕೇಳುವವರಿಲ್ಲದೆ ಜಾರಿಹೋದನು. ದೀಕ್ಷೆಯ ಮರುದಿನ ಶಿಷ್ಯನನ್ನು ಮರೆಯುವ ಗುರುಗಳು ಎಲ್ಲ ಮತಗಳಲ್ಲಿಯೂ ಉಂಟು.

ಇದುವರೆಗೆ ಸೇರಿದವರ ಮಾತಾಯಿತು. ಪೋಷಿಸಿದವರು ಯಾರು? ಶ್ರೀಮಂತರೂ ಅಧಿಕಾರಿಗಳೂ ಇದ್ದರು. ಕಲೆಕ್ಟರನಾಗಿದ್ದ ಬ್ಲೇರ್ ಎಂಬವನು 1840ರಲ್ಲಿ ಮಂಗಳೂರಿನ ಬಲ್ಮಠದ ಜಾಗವನ್ನು ಮಿಶನ್ನಿಗೆ ದಾನ ಮಾಡಿದನು. ಮದ್ರಾಸಿನ ಸಿವಿಲ್ ನೌಕರಿಯಲ್ಲಿದ್ದ ಕಾಸಮೇಜರ್ ಎಂಬ ದೊರೆಯು ಕೊಟ್ಟ ಹಣದಿಂದಲೇ ಮೋಗ್ಲಿಂಗನು ಕನ್ನಡದ ಪ್ರಾಚೀನ ಗ್ರಂಥಗಳನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸತೊಡಗಿದನು. ಆ ಮಾಲೆಯಲ್ಲಿ ನಮ್ಮ ಬಸವಪುರಾಣವೂ ಅಚ್ಚಾಯಿತೆಂಬುದನ್ನು ಇಲ್ಲಿ ನೆನೆಯದೆ ಇರಲಾಗದು. ಹಾಗೆಯೇ ಕಿಟ್ಟೆಲ್ಲನು 1894ರಲ್ಲಿ ಹೊರತಂದ ನಿಘಂಟನ್ನು ತೆರೆಯದ ಕನ್ನಡ ಪಂಡಿತನಿಲ್ಲ. ತಮ್ಮ ಮತವನ್ನು ಹರಡಲು ಬಂದವರು ಪರಮತದ ಪುರಾಣವನ್ನು ಅಚ್ಚುಹಾಕಿದುದು ಅದನ್ನು ಅರಿತು ಖಂಡಿಸುವುದಕ್ಕಾಗಿಯೆಂದು ಹೇಳುವವರುಂಟು. ಅದು ಅರ್ಧ ಸತ್ಯ. ಗ್ರಂಥವನ್ನು ತಿದ್ದುತ್ತ ತಿದ್ದುತ್ತ ಅದರ ಮೇಲೆ ಪ್ರೀತಿ ಹುಟ್ಟದಿರುವುದು ಅಸಾಧ್ಯವೆಂಬುದನ್ನು ಓಲೆಗರಿ ಹಿಡಿದ ಯಾರಾದರೂ ಹೇಳಬಲ್ಲರು.

ಆದರೆ ಮಿಶನ್ನಿನ ನಿಜವಾದ ಬಲವು ದೊರೆಗಳ ದಾನವಾಗಿರಲಿಲ್ಲ. 1855ರಲ್ಲಿ ಬಾಸೆಲ್ ಸಂಸ್ಥೆಯವರು ಅರ್ಧ ಬಾಟ್ಸನ್ ವಂತಿಗೆಯನ್ನು ಆರಂಭಿಸಿದರು. ಬಾಟ್ಸನ್ ಎಂಬುದು ಅಲ್ಲಿಯ ಒಂದು ಚಿಲ್ಲರೆ ನಾಣ್ಯ. ಅದರಲ್ಲಿ ಅರ್ಧವೆಂದರೆ ನಮ್ಮ ದುಗ್ಗಾಣಿಯಂಥದು. ಸ್ವಿಟ್ಜರ್ಲೆಂಡಿನಲ್ಲಿಯೂ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲಿಯೂ ಒಕ್ಕಲಿಗರು, ಕುಶಲಕರ್ಮಿಗಳು, ಮನೆಗೆಲಸದ ಹೆಣ್ಣುಮಕ್ಕಳು ವಾರವಾರವೂ ಅಷ್ಟನ್ನು ಕೊಡಬೇಕು. ಪ್ರತಿ ಗುಂಪಿಗೂ ಒಬ್ಬರು ಮನೆಮನೆಗೆ ಹೋಗಿ ಎತ್ತಬೇಕು. ಕೊಟ್ಟವರಿಗೆ ಮಿಶನ್ನಿನ ವರ್ತಮಾನದ ಹಾಳೆಯು ಸಲ್ಲುತ್ತಿತ್ತು. ಹೀಗೆ ಎಂದೂ ತನ್ನ ಹಳ್ಳಿಯ ಗಡಿಯನ್ನು ದಾಟದ ಬಡ ಮುದುಕಿಯೊಬ್ಬಳು ಧಾರವಾಡದ ಹೆಸರನ್ನೂ ಹುಬ್ಬಳ್ಳಿಯ ಹೆಸರನ್ನೂ ಬಲ್ಲವಳಾದಳು. ಅಲ್ಲಿಯ ಶಾಲೆಯ ಒಂದು ಇಟ್ಟಿಗೆಯು ತನ್ನದೆಂದು ಭಾವಿಸಿದಳು. ದೊಡ್ಡ ದಾನವು ಕಟ್ಟಡವನ್ನು ಕಟ್ಟುವುದು. ಚಿಕ್ಕ ದಾನವು ಜನರನ್ನು ಕಟ್ಟುವುದು. ಮನೆಮನೆಯ ಕಂತಿಭಿಕ್ಷೆಯಿಂದ ಮಕ್ಕಳಿಗೆ ಊಟವಿಕ್ಕಿದ ಮಠಗಳಿಗೂ, ಜೋಳಿಗೆ ಹಿಡಿದು ಊರೂರು ಸುತ್ತಿ 1909ರಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳವರ ಶಿಷ್ಯರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಸೇರದೆಯೇ ಪೋಷಿಸಿದವರ ವರ್ಗವೊಂದುಂಟು. ಅದರಲ್ಲಿ ಈ ಮಂಟಪದ ಎಷ್ಟೋ ಮನೆತನಗಳ ಹಿರಿಯರೂ ಸೇರುವರು. ಮಿಶನ್ ಹೈಸ್ಕೂಲುಗಳಿಗೆ ಮಕ್ಕಳನ್ನು ಕಳುಹಿಸಿ ಶುಲ್ಕ ತೆತ್ತವರು, ಬೆಟಗೇರಿಯ ಜರ್ಮನ್ ಆಸ್ಪತ್ರೆಗೆ ಬಾಣಂತಿಯರನ್ನು ಬಂಡಿ ಕಟ್ಟಿಕೊಂಡು ಕರೆದೊಯ್ದವರು, 1906ರಲ್ಲಿ ಮೈಸೂರಿನಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಪ್ರಾಣವುಳಿಯಿತೆಂದು ಹರಸಿದವರು ಮತವನ್ನು ಬಿಡಲಿಲ್ಲ. ಮಗನಿಗೆ ಇಂಗ್ಲಿಷ್ ಬೇಕು, ಸೊಸೆಗೆ ಹೆಣ್ಣು ಡಾಕ್ಟರು ಬೇಕು. ಇದು ಸರಳವಾದ ವ್ಯವಹಾರ. ಆದರೆ ವ್ಯವಹಾರದ ಜೊತೆಗೆ ಒಂದು ನಾಚಿಕೆಯೂ ಹುಟ್ಟಿತು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ನಿಧಿ, 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆ, ಮಠಗಳಲ್ಲಿ ಉಚಿತ ಪ್ರಸಾದನಿಲಯಗಳು ಇವೆಲ್ಲ ಹುಟ್ಟಿದುದಕ್ಕೆ ಕಾರಣಗಳು ಹಲವು. ನೆರೆಯವರ ದೀಪವನ್ನು ನೋಡಿದುದೂ ಅವುಗಳಲ್ಲೊಂದು.

ಕ್ರೈಸ್ತ ಸಭೆಗಳಲ್ಲಿ ದೋಷಗಳಿಲ್ಲವೆಂದು ತಿಳಿಯಬಾರದು. ಕುಲವನ್ನು ಬಿಡಿರೆಂದು ಕರೆದ ಸಭೆಗಳೊಳಗೇ ಕುಲವು ನುಸುಳಿತು. ತಮಿಳುನಾಡಿನ ವಡಕ್ಕನ್‌ಕುಳಂ ಎಂಬ ಊರಿನ ಕ್ಯಾಥೊಲಿಕ್ ದೇವಾಲಯದಲ್ಲಿ ಒಂದು ಜಾತಿಯವರನ್ನು ಮತ್ತೊಂದು ಜಾತಿಯವರಿಂದ ಬೇರ್ಪಡಿಸಲು ಗೋಡೆಯನ್ನೇ ಕಟ್ಟಿದ್ದರು; ಅದನ್ನು 1910ರಲ್ಲಿ ಕೆಡವಲಾಯಿತು. ಪ್ರತ್ಯೇಕ ಸ್ಮಶಾನಗಳ ಜಗಳಗಳು ಇನ್ನೂ ಮುಗಿದಿಲ್ಲ. ಮಿಶನ್ ಕಾಂಪೌಂಡಿನ ಕಟ್ಟುಪಾಡಿನಲ್ಲಿ ಎಷ್ಟೋ ಜನರು ಒಬ್ಬ ಧಣಿಯನ್ನು ಬಿಟ್ಟು ಮತ್ತೊಬ್ಬ ಧಣಿಯ ಕೈಕೆಳಗೆ ಬಂದಂತಾಯಿತು. ಇದರ ಮೇಲೆ 1950ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಅಸ್ಪೃಶ್ಯ ಕುಲದವನು ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಸವಲತ್ತುಗಳನ್ನು ಕಳೆದುಕೊಳ್ಳುವನು. ಆದುದರಿಂದ ಸ್ವತಂತ್ರ ಭಾರತದಲ್ಲಿ ಅಂಥವನು ಬಹಿರಂಗವಾಗಿ ಸಭೆಯನ್ನು ಸೇರುವುದು ಲೌಕಿಕ ದೃಷ್ಟಿಯಿಂದ ನಷ್ಟದ ವ್ಯಾಪಾರವೇ. ನಷ್ಟವನ್ನರಿತೂ ಸೇರುವವರು ಇದ್ದಾರೆ. ನಷ್ಟಕ್ಕಂಜಿ ಹೆಸರನ್ನು ಮುಚ್ಚಿಟ್ಟುಕೊಂಡು ಪ್ರಾರ್ಥನೆಗೆ ಹೋಗುವವರೂ ಇದ್ದಾರೆ.

ಕೊನೆಯದಾಗಿ, ಹಣವೂ ಕಾರ್ಖಾನೆಯೂ ಬಿಳಿಯ ದೊರೆಗಳೂ ಒಮ್ಮೆಲೇ ಇಲ್ಲವಾದರೆ ಸೇರಿದವರು ನಿಲ್ಲುವರೇ ಎಂಬ ಪರೀಕ್ಷೆಯನ್ನೂ ಕಾಲಪುರುಷನು ನಡೆಸಿಬಿಟ್ಟನು. 1914ರಲ್ಲಿ ಮಹಾಯುದ್ಧವು ಆರಂಭವಾಯಿತು. ಬಾಸೆಲ್ ಮಿಶನ್ನಿನ ಜರ್ಮನರು ಶತ್ರುಗಳೆಂದು ಸೆರೆಯಲ್ಲಿಡಲ್ಪಟ್ಟು ಅನಂತರ ಸ್ವದೇಶಕ್ಕೆ ಅಟ್ಟಲ್ಪಟ್ಟರು. ಅವರ ಹಂಚಿನ, ನೇಯ್ಗೆಯ ಕಾರ್ಖಾನೆಗಳನ್ನು ಸರಕಾರವು ವಶಪಡಿಸಿಕೊಂಡು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಇಂಗ್ಲಿಷ್ ಕಂಪನಿಗೆ ಒಪ್ಪಿಸಿತು. ಹೊಟ್ಟೆಗಾಗಿ ಹೋದವರು ಮರಳಿ ಬರತಕ್ಕ ಕಾಲವಿದ್ದರೆ ಅದೇ. ಬರಲಿಲ್ಲ. ನಾಡವರೇ ಆದ ಉಪದೇಶಿಗಳು, ಶಾಲಾ ಮಾಸ್ತರರು, ಸಭೆಯ ಹಿರಿಯರು ಭಾನುವಾರದ ಗಂಟೆಯನ್ನು ಬಾರಿಸಿದರು. ಹೆಣವನ್ನು ಹೂಳಿದರು, ಮದುವೆ ಮಾಡಿಸಿದರು, ಕಾಣಿಕೆಯ ತಟ್ಟೆಯನ್ನು ಹಿಡಿದರು. 1920ರ ದಶಕದ ಉತ್ತರಾರ್ಧದಲ್ಲಿ ಮಿಶನ್ನಿನವರು ಮರಳಿ ಬಂದ ಕಾಲಕ್ಕೆ ಸಭೆಗಳು ಇದ್ದಲ್ಲಿಯೇ ಇದ್ದುವು.

ಇದಕ್ಕೆ ಸಾಟಿಯಾದ ಸಂಗತಿಯೊಂದು ಈಶಾನ್ಯದ ಮಿಜೋ ಬೆಟ್ಟಗಳಲ್ಲಿ ಇಂದಿಗೂ ನಡೆಯುತ್ತಿದೆ. ಅಲ್ಲಿಗೆ ಮಿಶನರಿಗಳು ಬಂದುದು 1894ರಲ್ಲಿ. ಜನರು ಬಡವರು, ನಾಣ್ಯವು ಅಪರೂಪ. ಸಭೆಗೆ ಏನನ್ನು ಕೊಡುವುದೆಂದು ಹೆಣ್ಣುಮಕ್ಕಳು ಯೋಚಿಸಿದರು. 1910ರಿಂದ ಅವರು, ಅಡಿಗೆಗೆಂದು ಅಕ್ಕಿಯನ್ನು ಅಳೆದ ಪ್ರತಿಸಲವೂ ಅದರಿಂದ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿ ಹಾಕತೊಡಗಿದರು. ಆಯ್ದಕ್ಕಿ ಮಾರಯ್ಯನ ಮನೆಯ ಕಥೆಯನ್ನು ಬಲ್ಲವರಿಗೆ ಆ ಪಾತ್ರೆಯು ಅಪರಿಚಿತವೆನಿಸದು. ವಾರಕ್ಕೊಮ್ಮೆ ಆ ಅಕ್ಕಿಯನ್ನು ಕೂಡಿಸಿ ಮಾರಿ ಬಂದ ಹಣವು ಸಭೆಯ ಬೊಕ್ಕಸಕ್ಕೆ ಸಲ್ಲುವುದು. ವಿದೇಶೀ ಮಿಶನರಿಗಳು ಆ ಬೆಟ್ಟಗಳನ್ನು ಬಿಟ್ಟು ಹೋಗಿ ಅರ್ಧ ಶತಮಾನಕ್ಕೂ ಮಿಕ್ಕಿತು. ಗಂಜಿಯನ್ನು ಕೊಡುವ ಪಾದ್ರಿಯು ಅಲ್ಲಿ ಈಗ ಇಲ್ಲ. ಹೊತ್ತುಹೊತ್ತಿಗೆ ಒಲೆಯ ಮುಂದೆ ನಿಂತು, ಎಸರಿಗೆ ಅಕ್ಕಿ ಸುರಿಯುವ ಮೊದಲು ಒಂದು ಹಿಡಿಯನ್ನು ಪಕ್ಕಕ್ಕೆ ತೆಗೆದಿಡುವ ಗೃಹಿಣಿಯು ಇದ್ದಾಳೆ.